ಲೆಕ್ಕ ಕೇಳುವವರು, ಲೆಕ್ಕ ಒಪ್ಪಿಸುವವರು

(ಬೈಕುಲ್ಲಾದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಸಭೆ ನಡೆಯುತ್ತಿರುವುದು ಬೈಕುಲ್ಲಾದಲ್ಲಿ. ಮೋತಿಶಾ ಸೇಠರು 19ನೇ ಶತಮಾನದಲ್ಲಿ ಕಟ್ಟಿಸಿದ ಆದಿನಾಥ ಜಿನಾಲಯ ಇರುವುದು ಇಲ್ಲಿಯೇ. ಮಹಾನಗರಪಾಲಿಕೆಯ 'ಇ' ವಾರ್ಡಿನ ಕಚೇರಿ ಇರುವುದೂ ಇಲ್ಲಿಯೇ. ಮೊದಲನೆಯದರ ಬಾಗಿಲು ಸಮಾಜದ ಮನೆಮನೆಗೂ ಪರಿಚಿತ. ಎರಡನೆಯದರ ಬಾಗಿಲನ್ನು ಜನನ ಪ್ರಮಾಣಪತ್ರಕ್ಕೋ ನೀರಿನ ಬಿಲ್ಲಿಗೋ ಹೊರತು ತಟ್ಟಿದವರು ವಿರಳ. ಸಂಸತ್ತು ಮತ್ತು ಆಡಳಿತ ಸೇವೆ ಎರಡೂ ಸೇರಿ ಸರ್ಕಾರವನ್ನು ಹೇಗೆ ಉತ್ತಮಗೊಳಿಸಬಹುದು ಎಂಬ ಇಂದಿನ ವಿಷಯಕ್ಕೆ ಈ ಎರಡನೆಯ ಬಾಗಿಲಿನಿಂದಲೇ ಪ್ರವೇಶಿಸುವುದು ಸೂಕ್ತ. ದೆಹಲಿಯಲ್ಲಿ ದೊಡ್ಡ ಅಕ್ಷರಗಳಲ್ಲಿರುವ ಸಮಸ್ಯೆಯೇ ಇಲ್ಲಿ ಸಣ್ಣ ಅಕ್ಷರಗಳಲ್ಲಿದೆ.

ಮುಂಬಯಿ ನಗರಕ್ಕೆ ಮುನಿಸಿಪಲ್ ಕಮಿಷನರ್ ಎಂಬ ಅಧಿಕಾರಿ ಬಂದದ್ದು 1865ರ ಕಾಯಿದೆಯಿಂದ. ಆ ಹುದ್ದೆಯಲ್ಲಿ ಮೊದಲಿಗರಾಗಿ ಕುಳಿತ ಆರ್ಥರ್ ಕ್ರಾಫರ್ಡ್ ಸಮರ್ಥರು, ಉತ್ಸಾಹಿಗಳು. ರಸ್ತೆ, ಚರಂಡಿ, ಮಾರುಕಟ್ಟೆ ಎಲ್ಲವೂ ಅವರ ಕಾಲದಲ್ಲಿ ಎದ್ದವು. ಅವರ ಹೆಸರಿನ ಮಾರ್ಕೆಟ್ ಇಂದಿಗೂ ನಿಂತಿದೆ. ಆದರೆ ಖರ್ಚು ಆದಾಯವನ್ನು ಮೀರಿತು, ತೆರಿಗೆಯ ಭಾರ ಏರಿತು. 1871ರಲ್ಲಿ ತೆರಿಗೆದಾರರು ಬಂಡೆದ್ದರು. ಅವರಲ್ಲಿ ಬಹಳ ಮಂದಿಯ ಬೇಡಿಕೆ, ಒಬ್ಬ ಅಧಿಕಾರಿಯ ಕೈಯಿಂದ ಕಾರ್ಯಾಂಗವನ್ನೇ ಕಸಿದುಕೊಳ್ಳಬೇಕೆಂಬುದು. ಆಗ 26 ವರ್ಷದ ತರುಣ ಬ್ಯಾರಿಸ್ಟರ್ ಫಿರೋಜ್‌ಶಾ ಮೆಹ್ತಾ ಪ್ರವಾಹಕ್ಕೆ ಎದುರಾಗಿ ನಿಂತು ಬೇರೊಂದು ಮಾತು ಹೇಳಿದರು. ಕೆಲಸ ಮಾಡುವ ಅಧಿಕಾರ ಒಬ್ಬನಲ್ಲಿರುವುದು ದೋಷವಲ್ಲ. ಅವನನ್ನು ಪ್ರಶ್ನಿಸುವವರು ತೆರಿಗೆ ಕೊಡುವವರಿಂದ ಚುನಾಯಿತರಾಗದಿರುವುದೇ ದೋಷ ಎಂಬುದು ಅವರ ವಾದದ ತಿರುಳು. 1872ರ ಕಾಯಿದೆಯಲ್ಲಿ 64 ಸದಸ್ಯರ ಕಾರ್ಪೊರೇಷನ್ ರಚನೆಯಾಯಿತು. ಅವರಲ್ಲಿ 32 ಮಂದಿ ತೆರಿಗೆದಾರರಿಂದ ಚುನಾಯಿತರು. 1888ರ ಕಾಯಿದೆ ಈ ವ್ಯವಸ್ಥೆಯನ್ನು ಪೂರ್ಣಗೊಳಿಸಿತು. ಕಾರ್ಪೊರೇಷನ್, ಸ್ಥಾಯಿ ಸಮಿತಿ, ಕಮಿಷನರ್ ಎಂಬ ಮೂರು ಅಧಿಕಾರ ಸ್ಥಾನಗಳು ಅದರಲ್ಲಿ ನಿಶ್ಚಿತವಾದವು. ಕಮಿಷನರ್ ಬಜೆಟ್ ಸಿದ್ಧಪಡಿಸಬೇಕು, ಸ್ಥಾಯಿ ಸಮಿತಿ ಅದನ್ನು ಜಾಲಾಡಬೇಕು, ಕಾರ್ಪೊರೇಷನ್ ಅದಕ್ಕೆ ಒಪ್ಪಿಗೆ ನೀಡಬೇಕು. ಇಂದಿಗೂ ಮುಂಬಯಿಯನ್ನು ಆಳುತ್ತಿರುವುದು ತಿದ್ದುಪಡಿಗೊಂಡ ಆ ಕಾಯಿದೆಯೇ.

ಈ ಚರಿತ್ರೆಯಲ್ಲಿ ಅಡಗಿರುವ ಸೂತ್ರ ಸರಳ. ಕೆಲಸ ಮಾಡುವವರು ಬೇರೆ, ಲೆಕ್ಕ ಕೇಳುವವರು ಬೇರೆ. ಕೇಳುವವರು ತಾವೇ ಕೆಲಸಕ್ಕೆ ಕೈಹಾಕಿದರೆ ಗುತ್ತಿಗೆ ಮತ್ತು ವರ್ಗಾವಣೆಗಳ ವ್ಯಾಪಾರ ಆರಂಭವಾಗುತ್ತದೆ. ಮಾಡುವವರೇ ತಮ್ಮ ಲೆಕ್ಕವನ್ನು ತಾವೇ ಒಪ್ಪಿಕೊಂಡರೆ ಅದು ಲೆಕ್ಕವೇ ಅಲ್ಲ.

ಇತ್ತೀಚಿನ ವರ್ಷಗಳಲ್ಲಿ ಮುಂಬಯಿ ಈ ಎರಡನೆಯ ಸ್ಥಿತಿಯನ್ನು ಕಂಡಿತು. 2017ರಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ವಾರ್ಡುಗಳ ಸಂಖ್ಯೆ, ಹಿಂದುಳಿದ ವರ್ಗಗಳ ಮೀಸಲಾತಿ ಮುಂತಾದ ವಿವಾದಗಳು ನ್ಯಾಯಾಲಯದಲ್ಲಿದ್ದಾಗ ಚುನಾವಣೆ ಮುಂದೆ ಮುಂದೆ ಹೋಗಿ, ಮತದಾನ ನಡೆದದ್ದು 2026ರ ಜನವರಿ 15ರಂದು. ನಡುವಿನ ಸುಮಾರು ನಾಲ್ಕು ವರ್ಷ ಕಮಿಷನರರೇ ಆಡಳಿತಾಧಿಕಾರಿ. ಸ್ಥಾಯಿ ಸಮಿತಿಯ ಅಧಿಕಾರವೂ ಕಾರ್ಪೊರೇಷನ್ನಿನ ಅಧಿಕಾರವೂ ಅವರಲ್ಲೇ. 2023-24ರ ಬಜೆಟ್ 52,619 ಕೋಟಿ ರೂಪಾಯಿ, 2024-25ರದು 59,954 ಕೋಟಿ, 2025-26ರದು 74,427 ಕೋಟಿ. ಮೂರನ್ನೂ ಕೂಡಿಸಿದರೆ 1 ಲಕ್ಷ 87 ಸಾವಿರ ಕೋಟಿ. ಈ ಮೊತ್ತದ ಒಂದು ರೂಪಾಯಿಗೂ ಚುನಾಯಿತ ನಗರಸೇವಕರೊಬ್ಬರ ಮತ ಬೀಳಲಿಲ್ಲ. ಅಧಿಕಾರಿಗಳು ಸಿದ್ಧಪಡಿಸಿದರು, ಅಧಿಕಾರಿಗಳೇ ಒಪ್ಪಿದರು.

ನಗರಸೇವಕರು ಇದ್ದಾಗ ಎಲ್ಲವೂ ಸರಿಯಾಗಿತ್ತೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ರಾಜ್ಯ ಸರ್ಕಾರದ ಕೋರಿಕೆಯಂತೆ ಸಿಎಜಿ, ಅಂದರೆ ಭಾರತದ ಮಹಾಲೇಖಪಾಲರು, ಪಾಲಿಕೆಯ ವಿಶೇಷ ಲೆಕ್ಕಪರಿಶೋಧನೆ ನಡೆಸಿದರು. ವರದಿ 2023ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ವಿಧಾನಸಭೆಯ ಮುಂದೆ ಬಂತು. ಎರಡು ಕಾಮಗಾರಿಗಳನ್ನು, ಒಟ್ಟು 214 ಕೋಟಿ ರೂಪಾಯಿಗೂ ಮಿಕ್ಕ ಮೊತ್ತಕ್ಕೆ, ಟೆಂಡರ್ ಕರೆಯದೆಯೇ ವಹಿಸಲಾಗಿತ್ತು. ಗುತ್ತಿಗೆದಾರರೊಡನೆ ಕರಾರುಪತ್ರವೇ ಇಲ್ಲದೆ ನಡೆದ ಕಾಮಗಾರಿಗಳ ಮೊತ್ತ 4,755 ಕೋಟಿಗೂ ಹೆಚ್ಚು. ಲೆಕ್ಕಪತ್ರ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ: ಕರಾರುಪತ್ರ ಇಲ್ಲದಿದ್ದರೆ ಕಾಮಗಾರಿ ಕೆಟ್ಟಾಗ ಗುತ್ತಿಗೆದಾರನನ್ನು ಕಟ್ಟಿಹಾಕಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ವರದಿ ಪರಿಶೀಲಿಸಿದ್ದು 2019ರ ನವೆಂಬರ್‌ನಿಂದ 2022ರ ಅಕ್ಟೋಬರ್‌ವರೆಗಿನ ಅವಧಿ. ಅದರ ಬಹುಭಾಗದಲ್ಲಿ ಚುನಾಯಿತ ಪಾಲಿಕೆ ಇತ್ತು, ಸ್ಥಾಯಿ ಸಮಿತಿಯೂ ಇತ್ತು. ಆದ್ದರಿಂದ ಕುರ್ಚಿಯಲ್ಲಿ ಜನಪ್ರತಿನಿಧಿ ಕುಳಿತ ಮಾತ್ರಕ್ಕೆ ಸಾಲದು. ಕೇಳುವವರಿಲ್ಲದಿರುವುದು ಒಂದು ರೋಗ. ಕೇಳುವವರಿದ್ದೂ ಕೇಳದಿರುವುದು ಇನ್ನೊಂದು.

ಸಂಸತ್ತನ್ನು ಕಾಡುತ್ತಿರುವುದು ಈ ಎರಡನೆಯ ರೋಗ. ಮೊದಲನೆಯ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕಲೆತಿತ್ತು. 2019ರಿಂದ 2024ರವರೆಗಿನ 17ನೆಯ ಲೋಕಸಭೆ ಕಲೆತದ್ದು ವರ್ಷಕ್ಕೆ ಸರಾಸರಿ 55 ದಿನ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಆರಂಭವಾಗಿ ಈಗ 24 ಇವೆ. ಕ್ಯಾಮೆರಾ ಇಲ್ಲದ ಕೊಠಡಿಯಲ್ಲಿ ಪಕ್ಷದ ಜಗಳ ಮರೆತು ಕಡತ ಓದುವ ಸ್ಥಳ ಅವು. 15ನೆಯ ಲೋಕಸಭೆಯ ಅವಧಿಯಲ್ಲಿ ನೂರಕ್ಕೆ ಸುಮಾರು 70 ಮಸೂದೆಗಳು ಅಲ್ಲಿಗೆ ಹೋದವು. 17ನೆಯದರಲ್ಲಿ ನೂರಕ್ಕೆ ಸುಮಾರು 16. ಸಂವಿಧಾನದಂತೆ ಪ್ರತಿ ಇಲಾಖೆಯ ಅನುದಾನ ಬೇಡಿಕೆಗೂ ಲೋಕಸಭೆಯ ಒಪ್ಪಿಗೆ ಬೇಕು. 2023ರ ಮಾರ್ಚ್ 23ರಂದು ಎರಡೂ ಕಡೆಯ ಗದ್ದಲದ ನಡುವೆ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬೇಡಿಕೆಗಳಿಗೆ ಚರ್ಚೆಯಿಲ್ಲದೆ ಒಪ್ಪಿಗೆ ದೊರೆಯಿತು. 2018ರಲ್ಲಿಯೂ ಹೀಗೆಯೇ ಆಗಿತ್ತು, ಅದಕ್ಕೂ ಮುಂಚೆ ಬೇರೆ ಪಕ್ಷಗಳು ಆಳುತ್ತಿದ್ದಾಗಲೂ ಬಹಳಷ್ಟು ಬೇಡಿಕೆಗಳು ಗಿಲೊಟಿನ್ ಎಂಬ ಈ ಕ್ರಮದಲ್ಲೇ ತೇರ್ಗಡೆಯಾಗಿವೆ. ದೋಷ ಒಂದೇ ಪಕ್ಷದ್ದಲ್ಲ.

ಸಂಸತ್ತು ನಿಜವಾಗಿ ಕೇಳಿದಾಗ ಏನಾಗುತ್ತದೆ ಎಂಬುದನ್ನೂ ಈ ನಗರವೇ ಕಂಡಿದೆ. 1957ರ ಜೂನ್‌ನಲ್ಲಿ, ಮುಂಬಯಿಯಲ್ಲಿ ಕೇಂದ್ರ ಕಚೇರಿಯಿದ್ದ ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 25 ಲಕ್ಷ ರೂಪಾಯಿಗೆ ಕೊಂಡಿತು. ಹೂಡಿಕೆ ಸಮಿತಿಯನ್ನು ಮೊದಲು ಕೇಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಅದನ್ನು ಎತ್ತಿದವರು ಆಳುವ ಪಕ್ಷದ ಸದಸ್ಯರೇ ಆದ ಫಿರೋಜ್ ಗಾಂಧಿ. ಪ್ರಧಾನಿ ನೆಹರೂ ಅವರ ಅಳಿಯ ಅವರು. ಬಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಇದೇ ನಗರದಲ್ಲಿ ಬಹಿರಂಗ ವಿಚಾರಣೆ ನಡೆಸಿ, ವಾರಗಳಲ್ಲಿ ವರದಿ ಕೊಟ್ಟಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು.

ಆ ವಿಚಾರಣೆಯ ನಡುವೆ ಬಿದ್ದ ಗಂಟು ಗಮನಾರ್ಹ. ಸಚಿವರು ಒಪ್ಪಿದ್ದರು ಎಂದು ಹಣಕಾಸು ಕಾರ್ಯದರ್ಶಿ ಎಚ್. ಎಂ. ಪಟೇಲ್, ಒಪ್ಪಿರಲಿಲ್ಲ ಎಂದು ಸಚಿವರು. ನಡೆದದ್ದು ಬಾಯಿಮಾತು, ಕಡತದಲ್ಲಿ ಬರಹವಿಲ್ಲ. ತಮ್ಮ ಕೈಕೆಳಗಿನ ಅಧಿಕಾರಿಯ ಕೃತ್ಯಕ್ಕೆ ಸಂಸತ್ತಿನ ಮುಂದೆ ಸಚಿವರೇ ಹೊಣೆ ಎಂದು ಛಾಗ್ಲಾ ತೀರ್ಮಾನಿಸಿದರು. ಆಡಳಿತ ಸೇವೆಯ ಸುಧಾರಣೆ ಆರಂಭವಾಗಬೇಕಾದದ್ದು ಈ ಗಂಟಿನಿಂದ. ನಿರ್ಭಯವಾಗಿ ಅಭಿಪ್ರಾಯ ಹೇಳಬಲ್ಲ ಅಧಿಕಾರಿಗಳಿಲ್ಲದೆ ದೇಶ ನಡೆಯದು ಎಂದು ಸರದಾರ್ ಪಟೇಲರು 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಗೆ ತಿಳಿಹೇಳಿದ್ದರು. ಟಿ. ಎಸ್. ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಮೂರು ನಿರ್ದೇಶನ ನೀಡಿತು: ಬಾಯಿಮಾತಿನ ಆದೇಶವನ್ನು ಅಧಿಕಾರಿ ಬರಹಕ್ಕಿಳಿಸಬೇಕು, ಹುದ್ದೆಗೆ ಕನಿಷ್ಠ ಅವಧಿ ಇರಬೇಕು, ವರ್ಗಾವಣೆಯ ಸಲಹೆಗೆ ಆಡಳಿತ ಸೇವಾ ಮಂಡಳಿ ಇರಬೇಕು. ಬರಹವಿಲ್ಲದ ಆದೇಶ ರಸೀದಿಯಿಲ್ಲದ ಖರ್ಚಿನಂತೆ. ಅದನ್ನು ಯಾರ ಖಾತೆಗೂ ಹಾಕಲಾಗದು, ಕೊನೆಗೆ ಬಡ ಗುಮಾಸ್ತನ ತಲೆಗೆ ಬೀಳುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಸಂಸತ್ತಿನ ಕಡೆಯಿಂದ: ಮಹತ್ವದ ಪ್ರತಿ ಮಸೂದೆಯೂ ಸಮಿತಿಯನ್ನು ಹಾದುಬರಬೇಕು. ಅಧಿವೇಶನದ ದಿನಗಳು ವರ್ಷಾರಂಭದಲ್ಲೇ ನಿಗದಿಯಾಗಬೇಕು. ಕೆಲವಾದರೂ ದೊಡ್ಡ ಇಲಾಖೆಗಳ ಬೇಡಿಕೆಗಳು ಪ್ರತಿವರ್ಷ ಚರ್ಚೆಯಾಗಲೇಬೇಕು. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷಸ್ಥಾನ ವಿರೋಧ ಪಕ್ಷಕ್ಕೆ ಎಂಬ ಸಂಪ್ರದಾಯ 1967ರಲ್ಲಿ, ಹಿಂದೆ ಇದೇ ಮುಂಬಯಿಯ ಮೇಯರ್ ಆಗಿದ್ದ ಮಿನೂ ಮಸಾನಿಯವರಿಂದ ಆರಂಭವಾಯಿತು. ಆ ಸಂಪ್ರದಾಯ ಉಳಿಯಬೇಕು, ಸಮಿತಿಯ ವರದಿಗಳ ಮೇಲೆ ಸದನದಲ್ಲಿ ಚರ್ಚೆಯೂ ನಡೆಯಬೇಕು. ಆಡಳಿತ ಸೇವೆಯ ಕಡೆಯಿಂದ: ಆದೇಶ ಬರಹದಲ್ಲಿರಲಿ, ಅಧಿಕಾರಿಗೆ ನಿಶ್ಚಿತ ಅವಧಿಯಿರಲಿ, ಸೇವೆಗೆ ಗಡುವಿರಲಿ. ಕರ್ನಾಟಕದ ಸಕಾಲ ಕಾಯಿದೆ 2011ರದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಅರ್ಜಿದಾರನಿಗೆ ಪರಿಹಾರ. ಮಹಾರಾಷ್ಟ್ರವೂ 2015ರಲ್ಲಿ ಇಂಥದೇ ಕಾಯಿದೆ ಮಾಡಿತು. ಮೊತ್ತ ಚಿಕ್ಕದು, ಆದರೆ ತಡಕ್ಕೆ ಬೆಲೆಯುಂಟು ಎಂಬ ತತ್ತ್ವ ಚಿಕ್ಕದಲ್ಲ.

ಪ್ರಶ್ನೆ ಹೆಚ್ಚಾದರೆ ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಕಡತದ ಮೇಲೆ ಸಹಿ ಹಾಕಲು ಹೆದರುವ ಅಧಿಕಾರಿಯಿಂದ ಯಾರಿಗೂ ಉಪಕಾರವಿಲ್ಲ. ಆದರೆ ಹೆದರಿಕೆ ಹುಟ್ಟುವುದು ಪ್ರಶ್ನೆ ಹತ್ತು ವರ್ಷ ತಡವಾಗಿ, ಪೊಲೀಸರ ಬಾಯಿಂದ ಬಂದಾಗ. ಸಮಯಕ್ಕೆ ಸರಿಯಾಗಿ, ಸಮಿತಿಯ ಮೇಜಿನ ಎದುರು ಬಂದ ಪ್ರಶ್ನೆ ಪ್ರಾಮಾಣಿಕ ಅಧಿಕಾರಿಗೆ ರಕ್ಷಾಕವಚ.

ಜೈನ ಸಮಾಜಕ್ಕೆ ಈ ಮಾತು ಹೊಸದಾಗಬಾರದು. ತತ್ತ್ವಾರ್ಥಸೂತ್ರ ಹೇಳುವ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ದೋಷವನ್ನು ಮುಚ್ಚಿಡದೆ ನಿವೇದಿಸುವುದು. ಎರಡನೆಯದು ಪ್ರತಿಕ್ರಮಣ, ಆ ದೋಷದಿಂದ ಹಿಂದಿರುಗುವುದು. ದಂಡನೆಯಂಥವು ಅನಂತರದವು. ಅಧಿಕಾರಿ ಸಮಿತಿಯ ಮುಂದೆ ಕಡತ ಬಿಚ್ಚಿಡುವುದು ಆಲೋಚನೆಯಾದರೆ, ವರದಿಯಂತೆ ಇಲಾಖೆ ನಡೆ ತಿದ್ದಿಕೊಳ್ಳುವುದು ಪ್ರತಿಕ್ರಮಣ. ಎರಡಕ್ಕೂ ಕೇಳುವ ಕಿವಿಯೊಂದು ಎದುರಿಗಿರಲೇಬೇಕು. ಲೋಕಪಾಲ ಎಂಬ ಹೆಸರನ್ನು 1963ರಲ್ಲಿ ಸಂಸತ್ತಿಗೆ ಕೊಟ್ಟ ಎಲ್. ಎಂ. ಸಿಂಘ್ವಿ ಈ ಸಮಾಜದವರೇ ಎಂಬುದೂ ಇಲ್ಲಿ ಸ್ಮರಣೀಯ.

ಆದರೂ ಒಂದು ಕಹಿ ಮಾತು ಆಡದೆ ಇರಲಾಗದು. ಸಮಾಜದ ಸಂಸ್ಥೆಗಳಲ್ಲಿಯೇ ಲೆಕ್ಕ ಕೇಳುವುದನ್ನು ಅಪನಂಬಿಕೆ ಎಂದೂ ಧರ್ಮಕಾರ್ಯಕ್ಕೆ ವಿಘ್ನ ಎಂದೂ ಬಗೆಯುವ ರೂಢಿ ಇದೆ. ಸವಾಲಿನಲ್ಲಿ ಲಕ್ಷ ರೂಪಾಯಿ ಕೂಗುವ ಶ್ರಾವಕರು ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಹಾಳೆ ತಿರುವುವುದಿಲ್ಲ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆ ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡಿದೆ. ಪರಿಶೋಧಕರ ಟಿಪ್ಪಣಿ ಓದುವುದನ್ನು ಯಾವ ಕಾಯಿದೆಯೂ ಕಡ್ಡಾಯ ಮಾಡಲಾರದು. ಬಸದಿಯ ಹುಂಡಿಯ ಲೆಕ್ಕ ಕೇಳಲು ಸಂಕೋಚಪಡುವವರು 74,427 ಕೋಟಿಯ ಲೆಕ್ಕ ಕೇಳುವುದು ಹೇಗೆ? ಪಕ್ಷದ ನಿಧಿಗೆ ಹಣ, ಚುನಾವಣೆಗೆ ಮತ, ಉಳಿದ ಐದು ವರ್ಷ ಮೌನ: ಇದು ನಾಗರಿಕತ್ವದ ಅರ್ಧ ಭಾಗ ಮಾತ್ರ.

ಬೆಳಗಾವಿ, ಮೂಡಬಿದಿರೆ, ಹುಬ್ಬಳ್ಳಿಗಳಲ್ಲಿ ಮೂಲ ಮನೆಯಿದ್ದು ಮುಂಬಯಿಯಲ್ಲೋ ಪುಣೆಯಲ್ಲೋ ವಿದೇಶದಲ್ಲೋ ನೆಲೆಸಿದ ಕುಟುಂಬಗಳಿಗೆ ಇದು ಇನ್ನೂ ಕಷ್ಟ. ಊರಿನ ಆಡಳಿತ ಕೈಗೆ ಸಿಗದು, ನೆಲೆಸಿದ ನಗರದ ಆಡಳಿತ ತನ್ನದೆನಿಸದು. ತೆರಿಗೆಗೆ ಮಾತ್ರ ಈ ಭೇದವಿಲ್ಲ. ತೆತ್ತ ಸ್ಥಳದಲ್ಲಿ ಕೇಳುವ ಹಕ್ಕೂ ಇದೆ.

ಬೈಕುಲ್ಲಾದ ಮತದಾರರಿಗೆ ಈಗ ಮತ್ತೆ ನಗರಸೇವಕರಿದ್ದಾರೆ. ಅವರ ಮನೆಬಾಗಿಲಿಗೆ ಹೂಮಾಲೆ ಒಯ್ಯುವವರು ಅನೇಕರು. ಈ ವರ್ಷ ವಾರ್ಡಿನಲ್ಲಿ ನಡೆಯಲಿರುವ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಮೊತ್ತ, ಗುತ್ತಿಗೆದಾರನ ಹೆಸರು, ಕರಾರುಪತ್ರ ಆಗಿದೆಯೇ ಎಂಬ ಪ್ರಶ್ನೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಒಯ್ಯುವ ಕುಟುಂಬಗಳು ಹತ್ತಿದ್ದರೂ ಸಾಕು. ಸ್ಥಾಯಿ ಸಮಿತಿಯಲ್ಲಿ ಬಾಯಿ ತೆರೆಯಲು ನಗರಸೇವಕರಿಗೆ ಅದು ಕಾರಣವಾಗುತ್ತದೆ, ಕಡತದಲ್ಲಿ ಬರೆಯಲು ಅಧಿಕಾರಿಗೆ ಧೈರ್ಯವಾಗುತ್ತದೆ. ಅದೇ ಹಾಳೆ ಲೋಕಸಭಾ ಸದಸ್ಯರ ಕಚೇರಿಗೂ ಹೋಗಬಲ್ಲದು.