ಬಾಂಬು ಸಿಡಿದ ಮೇಲೆ



ಮೊಹರಂ ಬಂತೆಂದರೆ ನಮ್ಮ ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಪಂಜಾ ಕೂರಿಸುತ್ತಾರೆ, ಅಲಾಯಿ ಕುಣಿ ತೋಡುತ್ತಾರೆ. ಜಾತಿ ಕೇಳದೆ ಎಲ್ಲರೂ ಸಕ್ಕರೆ ಓದಿಸುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರ ನೆನಪು ಅದು. ಆ ವಂಶದ ಇಮಾಮರನ್ನೇ ಧರ್ಮದ ಮುಂದಾಳುಗಳೆಂದು ನಂಬಿದವರು ಶಿಯಾಗಳು. ನಮ್ಮ ರಾಜ್ಯದಲ್ಲಿ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಅವರೇ ಹೆಚ್ಚಾಗಿರುವ ಊರು.

ಶಿಯಾಗಳ ಮಸೀದಿಗಳ ಮೇಲೆ ಉಗ್ರರು ಮತ್ತೆ ಮತ್ತೆ ಎರಗಿದ್ದಾರೆ. ಕೊಲ್ಲುವುದಷ್ಟೇ ಅವರ ಗುರಿಯಲ್ಲ; ಸತ್ತವರ ಕಡೆಯವರು ಮುಸ್ಲಿಮರ ಇನ್ನೊಂದು ಪಂಗಡವಾದ ಸುನ್ನಿಗಳ ಮೇಲೆ, ನೆರೆಮನೆಯವರ ಮೇಲೇ ಸೇಡಿಗೆ ಬೀಳಬೇಕು ಎಂಬುದು. ಇರಾಕಿನ ಸಮಾರಾದಲ್ಲಿ ಹಾಗೇ ಆಯಿತು. 2006ರ ಫೆಬ್ರವರಿ 22ರಂದು ಇಬ್ಬರು ಇಮಾಮರ ಸಮಾಧಿಯ ಚಿನ್ನದ ಗುಮ್ಮಟ ಉರುಳಿತು. ಆ ಸ್ಫೋಟಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಆದರೆ ಹಿರಿಯ ಶಿಯಾ ಧರ್ಮಗುರು ಸಿಸ್ತಾನಿಯವರು ಸುನ್ನಿ ಮಸೀದಿ ಮುಟ್ಟಬೇಡಿ ಎಂದರೂ ಕೇಳದೆ ಜನ ನುಗ್ಗಿದರು. ಕೆಲವೇ ದಿನಗಳಲ್ಲಿ ಎರಡೂ ಕಡೆ ನೂರಾರು ಹೆಣ ಬಿದ್ದವು.

ಕುವೈತ್ ಬೇರೆ ದಾರಿ ಹಿಡಿಯಿತು. 2015ರ ಜೂನ್ 26, ರಂಜಾನಿನ ಎರಡನೇ ಶುಕ್ರವಾರ. ಇಮಾಮ್ ಸಾದಿಕ್ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಸಾಲುಗಟ್ಟಿ ನಿಂತವರ ನಡುವೆ ಆತ್ಮಾಹುತಿ ಬಾಂಬರ್ ಸಿಡಿದ. 27 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ದುಡಿಯಲು ಹೋಗಿದ್ದ ಇಬ್ಬರು ಭಾರತೀಯರೂ ಸತ್ತವರಲ್ಲಿದ್ದರು. ಹೊಣೆ ಹೊತ್ತದ್ದು ಐಸಿಸ್.

ದೇಶದ ಆಗಿನ ದೊರೆ, ಅಮೀರ್ ಶೇಖ್ ಸಬಾ, ಸ್ವತಃ ಸುನ್ನಿ, ಎಂಬತ್ತು ದಾಟಿದ ವೃದ್ಧ. ಅವಶೇಷ ತೆಗೆಯುವ ಮೊದಲೇ ಆ ಮಸೀದಿಗೆ ಬಂದು ನಿಂತರು. ಇವರು ನನ್ನ ಮಕ್ಕಳು ಎಂದರು. ಸಂತಾಪ ಸಲ್ಲಿಸಲು ದೇಶದ ದೊಡ್ಡ ಮಸೀದಿಯ ಬಾಗಿಲು ತೆರೆಯಿತು. ಮುಂದಿನ ಶುಕ್ರವಾರ ಅಲ್ಲೇ ಶಿಯಾ, ಸುನ್ನಿಗಳು ಹೆಗಲಿಗೆ ಹೆಗಲು ತಾಗಿಸಿ ನಮಾಜು ಮಾಡಿದರು. ಸೇಡಿನ ಕೊಲೆಗಳು ನಡೆಯಲಿಲ್ಲ. ಅಧಿಕಾರದಲ್ಲಿರುವವರು ಮೊದಲ ದಿನವೇ ಎಲ್ಲಿ ಹೋಗಿ ನಿಲ್ಲುತ್ತಾರೆ ಎಂಬುದಕ್ಕೆ ಅಷ್ಟು ಬೆಲೆಯಿದೆ ಎಂದೇ ನಾನು ನಂಬಿದ್ದೇನೆ.

ಆದರೆ ಅದೇ ಗಾಬರಿಯಲ್ಲಿ, ವಲಸೆ ಕೆಲಸಗಾರರೂ ಸೇರಿ ಎಲ್ಲರೂ ಡಿಎನ್‌ಎ ಮಾದರಿ ಕೊಡಬೇಕೆಂಬ ಕಾನೂನನ್ನು ಅಲ್ಲಿನ ಸಂಸತ್ತು ವಾರದೊಳಗೆ ಪಾಸು ಮಾಡಿತು. ಅದು ತಪ್ಪು. 2017ರ ಅಕ್ಟೋಬರಿನಲ್ಲಿ ಕುವೈತಿನ ಸಂವಿಧಾನ ನ್ಯಾಯಾಲಯವೇ ಅದನ್ನು ರದ್ದು ಮಾಡಿತು. ಇನ್ನು ದಾಳಿಯ ವಿಷಯ: ಬಾಂಬರ್‌ನನ್ನು ಕಾರಿನಲ್ಲಿ ತಂದು ಬಿಟ್ಟವನಿಗೆ ವಿಚಾರಣೆ, ಮೇಲ್ಮನವಿ ಎಲ್ಲ ಮುಗಿದು 2023ರ ಜುಲೈನಲ್ಲಿ ಗಲ್ಲಾಯಿತು.