ನಾಯಕತ್ವದ ಪ್ರಬಂಧ: ‘ನಾವು’ ಎಂಬುದರೊಳಗೆ ‘ನಾನು’ ಎಲ್ಲಿದ್ದೆ?

(ಸಂಘದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ನಮ್ಮ ಮಕ್ಕಳಲ್ಲಿ ಈಗ ಬಿ.ಕಾಂ., ಬಿ.ಇ. ಮುಗಿಸಿ, ಮೂರು ನಾಲ್ಕು ವರ್ಷ ಕೆಲಸ ಮಾಡಿ, ಎಂ.ಬಿ.ಎ. ಓದಬೇಕೆಂಬ ಆಸೆ ಇಟ್ಟುಕೊಂಡವರು ಕಾಣುತ್ತಿದ್ದಾರೆ. ಇದು ಸಂತೋಷದ ವಿಷಯ. ಇವರು ಪರೀಕ್ಷೆಗೆ ಹೆದರುವುದಿಲ್ಲ. ಲೆಕ್ಕವನ್ನು ಅಭ್ಯಾಸ ಮಾಡುತ್ತಾರೆ, ಇಂಗ್ಲಿಷನ್ನು ತಿದ್ದಿಕೊಳ್ಳುತ್ತಾರೆ. ಆದರೆ ಅರ್ಜಿಯಲ್ಲಿ “ನಿಮ್ಮ ನಾಯಕತ್ವದ ಬಗ್ಗೆ ಬರೆಯಿರಿ” ಎಂಬ ಜಾಗ ಬಂದಾಗ ಪೆನ್ನು ನಿಂತುಬಿಡುತ್ತದೆ. ಭಾಷೆ ಕಲಿಸುವ ಶಿಕ್ಷಕರ ಕೆಲಸ ಶುರುವಾಗುವುದು ಅಲ್ಲಿ. ಆದ್ದರಿಂದ ಇಂದು ಆ ಒಂದು ಪ್ರಬಂಧದ ಬಗ್ಗೆಯೇ ಮಾತನಾಡುತ್ತೇನೆ.

ಮೊದಲು ಇದನ್ನು ಯಾರು ಕೇಳುತ್ತಾರೆ ಎಂಬುದನ್ನು ತಿಳಿಯೋಣ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಆರಂಭವಾಯಿತು. ಅದು 2024ರಲ್ಲಿ ತನ್ನ ಒಂದು ದೊಡ್ಡ ಪ್ರಬಂಧದ ಬದಲು ಮೂರು ಚಿಕ್ಕ ಪ್ರಬಂಧಗಳನ್ನು ಕೇಳಿತು. ಅದರಲ್ಲಿ ಒಂದು ನಾಯಕತ್ವದ್ದು. ನಿಮ್ಮನ್ನು ರೂಪಿಸಿದ ಅನುಭವಗಳು ಯಾವುವು, ಬೇರೆಯವರ ಬೆಳವಣಿಗೆಗೆ ನೀವೇನು ಮಾಡುತ್ತೀರಿ, ಎಂಥ ನಾಯಕರಾಗಬಯಸುತ್ತೀರಿ ಎಂಬ ಪ್ರಶ್ನೆಗೆ ಆಗ 250 ಪದಗಳೊಳಗೆ ಉತ್ತರಿಸಬೇಕಿತ್ತು. ಸ್ಟ್ಯಾನ್‌ಫರ್ಡಿನವರು ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಯಾವುದು, ಏಕೆ ಎಂದು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿ 2001ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಕೂಡ ಪ್ರಬಂಧಗಳನ್ನು ಬರೆಸುತ್ತದೆ. 1973ರಲ್ಲಿ ಸ್ಥಾಪನೆಯಾದ ನಮ್ಮ ಬೆಂಗಳೂರಿನ ಐ.ಐ.ಎಂ.ನ ಎರಡು ವರ್ಷದ ಕೋರ್ಸಿಗೆ ಕ್ಯಾಟ್ ಪರೀಕ್ಷೆಯೇ ದಾರಿ. ಆದರೂ ಅದರ ನಂತರದ ಸಂದರ್ಶನದಲ್ಲಿ ಇದೇ ಪ್ರಶ್ನೆ ಬಾಯಿಮಾತಿನಲ್ಲಿ ಎದುರಾಗಬಹುದು.

ಏಕೆ ಕೇಳುತ್ತಾರೆ? ಹಾರ್ವರ್ಡಿನಂಥ ಕಡೆ ಪಾಠ ನಡೆಯುವುದು ‘ಕೇಸ್’ ಪದ್ಧತಿಯಲ್ಲಿ. ಸುಮಾರು 90 ಜನ ಒಂದು ತರಗತಿಯಲ್ಲಿ ಕುಳಿತು, ಒಂದು ಕಂಪನಿಯ ನಿಜವಾದ ಸಂಕಟವನ್ನು ಓದಿ, “ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?” ಎಂಬುದಕ್ಕೆ ಉತ್ತರ ಹೇಳಬೇಕು. ಹಿಂದೆ ಎಂದೂ ಒಂದು ತೀರ್ಮಾನದ ಭಾರ ಹೊರದವರು ಅಲ್ಲಿ ಏನು ಹೇಳಿಯಾರು? ಹಾಗಾಗಿ ಅವರು ಹುಡುಕುವುದು ನಿಮ್ಮ ಹುದ್ದೆಯನ್ನಲ್ಲ. ಕಷ್ಟದ ಹೊತ್ತಿನಲ್ಲಿ ನೀವು ಮಾಡಿದ ಆಯ್ಕೆಯನ್ನು.

ನಮ್ಮವರು ಎಡವುವ ಮೊದಲ ಜಾಗ ಇದು. ಕಾಲೇಜು ಯೂನಿಯನ್ ಕಾರ್ಯದರ್ಶಿ, ಕ್ರಿಕೆಟ್ ತಂಡದ ಕ್ಯಾಪ್ಟನ್, ಮೀಲಾದ್ ಸಮಿತಿಯ ಖಜಾಂಚಿ ಎಂದು ಪಟ್ಟಿ ಕೊಡುತ್ತಾರೆ. ಹುದ್ದೆಗಳಿಗೆ ಅರ್ಜಿಯಲ್ಲಿ ಬೇರೆ ಜಾಗವಿದೆ. ಪ್ರಬಂಧದಲ್ಲಿ ಬೇಕಾದುದು ಒಂದೇ ಒಂದು ಕೆಲಸ, ಪೂರ್ತಿಯಾಗಿ.

ಎರಡನೆಯ ತೊಡಕು ನಮ್ಮ ಭಾಷೆಯಲ್ಲಿಯೇ ಇದೆ. ಉರ್ದುವಿನಲ್ಲಿ ಒಬ್ಬನೇ ಮಾಡಿದ ಕೆಲಸಕ್ಕೂ ನಾವು ಅದಬ್‌ನಿಂದ ‘ಹಮ್’ ಎನ್ನುತ್ತೇವೆ. ಕನ್ನಡದಲ್ಲಿ ಒಬ್ಬನೇ ಮಗನೂ ‘ನಮ್ಮಪ್ಪ, ನಮ್ಮನೆ’ ಎನ್ನುತ್ತಾನೆ. ಇದು ನಮ್ಮ ಭಾಷೆಗಳ ಚೆಲುವು. ಆದರೆ ಅದೇ ಮಾತು ಇಂಗ್ಲಿಷಿಗೆ ಹೋದಾಗ ‘ವೀ’ ಆಗುತ್ತದೆ. ಓದುವವರಿಗೆ ಹತ್ತು ಜನರ ಗುಂಪು ಕಾಣುತ್ತದೆಯೇ ಹೊರತು ನೀವು ಕಾಣುವುದಿಲ್ಲ. ಇದರ ಜೊತೆಗೆ ನಮ್ಮ ವಾರ್ಷಿಕ ವರದಿಗಳ ಭಾಷೆಯೂ ಸೇರುತ್ತದೆ: “ಶಿಬಿರವನ್ನು ಹಮ್ಮಿಕೊಳ್ಳಲಾಯಿತು, ಪುಸ್ತಕಗಳನ್ನು ವಿತರಿಸಲಾಯಿತು.” ಹಮ್ಮಿಕೊಂಡವರು ಯಾರು? ಹಣ ತಂದವರು ಯಾರು? ‘ಲಾಯಿತು’ ಎಂಬ ಪರದೆಯ ಹಿಂದೆ ಎಲ್ಲರೂ ಮರೆಯಾದರು. ವರದಿಗೆ ಅದು ಸರಿ, ಪ್ರಬಂಧಕ್ಕೆ ಸಲ್ಲದು.

ಇಲ್ಲಿ ಒಳ್ಳೆಯ ಮನಸ್ಸಿನ ಮಕ್ಕಳಿಗೆ ಒಂದು ಸಂಕೋಚವಿದೆ. “ನಾನು ಮಾಡಿದೆ, ನಾನು ಮಾಡಿದೆ ಎಂದು ಬರೆದರೆ ಅದು ರಿಯಾ ಆಗುವುದಿಲ್ಲವೇ? ಮಾಡಿದ ಖಿದ್ಮತ್ತನ್ನು ಹೇಳಿಕೊಳ್ಳಬಾರದೆಂದು ಮನೆಯಲ್ಲಿ ಕಲಿಸಿದ್ದಾರೆ.” ಈ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೆ ಜಂಬವೇ ಬೇರೆ, ಸಾಕ್ಷ್ಯವೇ ಬೇರೆ. ಕಟಕಟೆಯಲ್ಲಿ ನಿಂತ ಸಾಕ್ಷಿಯನ್ನು “ನೀವು ಏನು ಮಾಡಿದಿರಿ?” ಎಂದು ಕೇಳಿದಾಗ ವಿನಯದಿಂದ ಸುಮ್ಮನಿದ್ದರೆ ಅದು ವಿನಯವಲ್ಲ, ಸತ್ಯವನ್ನು ಬಚ್ಚಿಟ್ಟಂತೆ. ಇದ್ದದ್ದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳು. ಇದ್ದಷ್ಟು ಹೇಳಿದರೆ ಅಮಾನತ್ತು ಒಪ್ಪಿಸಿದಂತೆ. ನಿಮ್ಮ ಪಾಲನ್ನು ಹೇಳಿ, ಬೇರೆಯವರ ಪಾಲನ್ನೂ ಹೇಳಿ. ಎರಡನ್ನೂ ಬೆರೆಸಬೇಡಿ.

ಒಂದು ಕಲ್ಪಿತ ಉದಾಹರಣೆ ನೋಡೋಣ. 2020ರ ಲಾಕ್‌ಡೌನ್ ಕಾಲದಲ್ಲಿ ಅನೇಕ ಮೊಹಲ್ಲಾಗಳಲ್ಲಿ ಯುವಕರು ರೇಷನ್ ಹಂಚಿದರು. ಅಂಥ ಒಬ್ಬ ಯುವಕ ಹೀಗೆ ಬರೆಯುತ್ತಾನೆ: “ಕೋವಿಡ್ ಸಮಯದಲ್ಲಿ ನಾವು ಸಮಾಜಸೇವೆ ಮಾಡಿದೆವು. 120 ಕಿಟ್‌ಗಳನ್ನು ಹಂಚಲಾಯಿತು. ಇದರಿಂದ ನಾನು ತಂಡದ ಕೆಲಸ ಮತ್ತು ನಾಯಕತ್ವ ಕಲಿತೆ.” ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು.

ಈಗ ಅವನನ್ನು ಕೂರಿಸಿಕೊಂಡು ಕೇಳುತ್ತ ಹೋದರೆ ಇನ್ನೊಂದು ಕಥೆ ಹೊರಬರುತ್ತದೆ: “ನಮ್ಮ ಬಳಿ 120 ಕಿಟ್‌ಗಳಿದ್ದವು, ಪಟ್ಟಿಯಲ್ಲಿ ನಮ್ಮ ಬೀದಿಯ 120 ಮನೆಗಳಿದ್ದವು. ಪಕ್ಕದ ಶೆಡ್ಡುಗಳಲ್ಲಿದ್ದ ಕಟ್ಟಡ ಕಾರ್ಮಿಕರ 30 ಕುಟುಂಬಗಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೊದಲು ನಮ್ಮ ಬೀದಿ ಎಂದು ಗೆಳೆಯರು ಹಟ ಹಿಡಿದರು. ನಾನು ಮನೆಮನೆಗೆ ಹೋಗಿ, ಸಂಬಳ ಬರುತ್ತಿರುವವರು ತಮ್ಮ ಕಿಟ್ ಬಿಟ್ಟುಕೊಡುತ್ತೀರಾ ಎಂದು ಕೇಳಿದೆ. 22 ಮನೆಯವರು ಒಪ್ಪಿದರು. ಉಳಿದ 8 ಕುಟುಂಬಗಳಿಗೆ ಅಂಗಡಿಯಲ್ಲಿ ನನ್ನ ಜವಾಬ್ದಾರಿಯ ಮೇಲೆ ಸಾಲ ತಂದೆ. ಒಬ್ಬ ಗೆಳೆಯ ಸಿಟ್ಟಾಗಿ ಕೆಲಸ ಬಿಟ್ಟ. ಮನೆಗಳಿಗೆ ಹೋಗುವ ಮೊದಲು ಅವನ ಜೊತೆ ಕುಳಿತು ಮಾತನಾಡಬೇಕಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.”

ಎರಡನೆಯದರಲ್ಲಿ ‘ನಾಯಕತ್ವ’ ಎಂಬ ಪದವೇ ಇಲ್ಲ. ಆದರೆ ನಾಯಕ ಕಾಣುತ್ತಾನೆ. ಎದುರಾದ ಕಷ್ಟವಿದೆ, ವಿರೋಧವಿದೆ, ಆಯ್ಕೆಯಿದೆ, ಲೆಕ್ಕವಿದೆ, ನಷ್ಟವೂ ಇದೆ. ನಷ್ಟವನ್ನು ಅಳಿಸಬೇಡಿ. ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂಬ ಕಥೆಯನ್ನು ಅನುಭವಸ್ಥರು ನಂಬುವುದಿಲ್ಲ.

ಬರೆಯುವ ಮೊದಲು ಈ ಐದು ಪ್ರಶ್ನೆಗಳಿಗೆ ನಿಮ್ಮ ಮನೆಮಾತಿನಲ್ಲೇ ಉತ್ತರ ಬರೆದಿಟ್ಟುಕೊಳ್ಳಿ: ಅಲ್ಲಿ ಪರಿಸ್ಥಿತಿ ಏನಿತ್ತು? ಏನು ಅಡ್ಡ ಬಂತು? ನಾನು ಏನು ಮಾಡಿದೆ, ಏಕೆ ಹಾಗೆಯೇ ಮಾಡಿದೆ? ಯಾರಲ್ಲಿ, ಯಾವುದರಲ್ಲಿ ಬದಲಾವಣೆಯಾಯಿತು? ಮುಂದಿನ ಸಲ ಏನನ್ನು ಬೇರೆ ರೀತಿ ಮಾಡುತ್ತೇನೆ? ನಂತರ ಇಂಗ್ಲಿಷಿಗೆ ತನ್ನಿ. 250 ಪದಗಳಿದ್ದರೆ ಪರಿಸ್ಥಿತಿಗೆ 50, ಅಡಚಣೆಗೆ 40, ನಿಮ್ಮ ಕೆಲಸಕ್ಕೆ 90, ಫಲಕ್ಕೆ 35, ಕಲಿತದ್ದಕ್ಕೆ 35 ಎಂದು ಹಂಚಿಕೊಳ್ಳಬಹುದು. ಇದು ಕಟ್ಟುನಿಟ್ಟಿನ ನಿಯಮವಲ್ಲ. ಆದರೆ ನಮ್ಮ ಹುಡುಗರು ಮುನ್ನುಡಿಗೇ 150 ಪದ ಸುರಿದುಬಿಡುತ್ತಾರಾದ್ದರಿಂದ ಹೇಳಿದೆ. ಬರೆದ ಮೇಲೆ ಕೆಂಪು ಪೆನ್ನು ಹಿಡಿದು ಪ್ರತಿಯೊಂದು ‘ವೀ’ ಕೆಳಗೆ ಗೆರೆ ಎಳೆಯಿರಿ. ಅಲ್ಲಿ ನಿಜವಾಗಿ ಇದ್ದವರು ಯಾರು ಎಂದು ಕೇಳಿಕೊಳ್ಳಿ.

ಹಣ ಕೊಟ್ಟು ಬರೆಸುವವರಿದ್ದಾರೆ. ಕಂಪ್ಯೂಟರಿಗೆ ಹೇಳಿ ಬರೆಸುವುದೂ ಈಗ ಸುಲಭ. ವ್ಯಾಕರಣ ತಿದ್ದಿಸಿಕೊಳ್ಳಲು ಸಹಾಯ ಪಡೆಯುವುದು ಬೇರೆ, ಬಾಳನ್ನೇ ಎರವಲು ಪಡೆಯುವುದು ಬೇರೆ. ಹಾರ್ವರ್ಡಿನಲ್ಲಿ ಸಂದರ್ಶನ ನಡೆಸುವವರು ನಿಮ್ಮ ಅರ್ಜಿಯನ್ನು ಓದಿಕೊಂಡೇ ಬಂದಿರುತ್ತಾರೆ. ನಿಮ್ಮ ಜೊತೆ ಕೆಲಸ ಮಾಡಿದ ಮೇಲಧಿಕಾರಿಯ ಶಿಫಾರಸು ಪತ್ರವೂ ಅವರ ಮುಂದಿರುತ್ತದೆ. “ಆ 22 ಮನೆಗಳಲ್ಲಿ ಮೊದಲು ಒಪ್ಪಿದವರು ಯಾರು?” ಎಂದು ಕೇಳಿದರೆ, ಹೋಗಿದ್ದವನು ತಕ್ಷಣ ಹೇಳುತ್ತಾನೆ. ಹೋಗದವನು ತಡವರಿಸುತ್ತಾನೆ.

ಕೊನೆಯದಾಗಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. “ನಮಗೆ ಯಾವ ಹುದ್ದೆಯೂ ಸಿಕ್ಕಿಲ್ಲ, ಏನು ಬರೆಯಲಿ?” ಎನ್ನುತ್ತೀರಿ. ತಂಗಿಯ ಓದು ಎಸ್.ಎಸ್.ಎಲ್.ಸಿ.ಗೇ ನಿಲ್ಲದಂತೆ ಮನೆಯ ಹಿರಿಯರನ್ನು ಒಪ್ಪಿಸಿದವಳು, ಅಪ್ಪನ ಅಂಗಡಿಯ ಉದ್ರಿ ಲೆಕ್ಕವನ್ನು ಹಾದಿಗೆ ತಂದವಳು, ಸಂಜೆ ಆರು ಮಕ್ಕಳನ್ನು ಕೂರಿಸಿಕೊಂಡು ಗಣಿತ ಕಲಿಸಿದವಳು ನಾಯಕಿಯಲ್ಲದೆ ಮತ್ತೇನು? ಯಾರೂ ನೇಮಿಸದಿದ್ದರೂ ಹೊಣೆ ಹೊತ್ತದ್ದು ನೇಮಕಗೊಂಡು ಕುರ್ಚಿಯಲ್ಲಿ ಕೂತದ್ದಕ್ಕಿಂತ ದೊಡ್ಡದು. ಅದನ್ನೇ ಬರೆಯಿರಿ, ಅಂಕಿಯೊಂದಿಗೆ, ಇದ್ದದ್ದು ಇದ್ದ ಹಾಗೆ.

ಎಂ.ಬಿ.ಎ. ಎಲ್ಲರಿಗೂ ಬೇಕಿಲ್ಲ, ಎಲ್ಲರಿಗೂ ಸಿಗುವುದೂ ಇಲ್ಲ. ಆದರೆ ಈ ಪ್ರಶ್ನೆ ಎಲ್ಲರಿಗೂ ಅನ್ವಯಿಸುತ್ತದೆ. ಇಂದೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ, ಯಾರಿಗಾಗಿ ಯಾವ ಹೊಣೆ ಹೊತ್ತೆ ಎಂದು ನಾಲ್ಕು ಸಾಲು ಬರೆಯಿರಿ. ಪುಟ ಖಾಲಿ ಉಳಿದರೆ ತಿದ್ದಬೇಕಾದುದು ಪ್ರಬಂಧವನ್ನಲ್ಲ, ಮುಂದಿನ ವಾರವನ್ನು.

ನಿಮ್ಮೆಲ್ಲರಿಗೂ ಅಲ್ಲಾಹನು ಒಳ್ಳೆಯ ಕೆಲಸದ ಮತ್ತು ಸತ್ಯವಾದ ಮಾತಿನ ತೌಫೀಕ್ ನೀಡಲಿ.