ಶಸ್ತ್ರಕ್ರಿಯೆಯ ನಂತರದ ಇರುಳುಗಳು

(ಸಂಘದ ಆರೋಗ್ಯ ಉಪನ್ಯಾಸದಲ್ಲಿ ಓದಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದಲ್ಲಿ ರೋಗದ ಮಾತೇಕೆಂದು ತಾವು ಕೇಳಬಹುದು. ತಾಯ್ನುಡಿಯು ಸಭೆಯಲ್ಲಿ ಬೇಕು, ನಿಜ. ಸಂಕಟದ ಹೊತ್ತಿನಲ್ಲಿ ಅದು ಇನ್ನೂ ಹೆಚ್ಚಾಗಿ ಬೇಕು. ಆದುದರಿಂದ ಈ ವಿಷಯವನ್ನು ಆರಿಸಿಕೊಂಡೆವು. ನಾವು ವೈದ್ಯರಲ್ಲ, ರೋಗಿಗಳ ಬಳಿ ಕುಳಿತು ಕಂಡದ್ದನ್ನೂ ವೈದ್ಯರಿಂದ ಕೇಳಿ ತಿಳಿದುದನ್ನೂ ಇಲ್ಲಿ ಹೇಳುತ್ತೇವೆ.

ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಕೆಲಹೊತ್ತು ಯಂತ್ರಕ್ಕೆ ಒಪ್ಪಿಸಿ ಶಸ್ತ್ರಕ್ರಿಯೆ ನಡೆಸಬಹುದೆಂದು ಅಮೆರಿಕದ ಡಾ. ಗಿಬ್ಬನ್ 1953ರಲ್ಲಿ ತೋರಿಸಿಕೊಟ್ಟರು. ಭಾರತದಲ್ಲಿ ಮೊದಲ ಬೈಪಾಸ್ ಶಸ್ತ್ರಕ್ರಿಯೆ ಯಶಸ್ವಿಯಾದುದು 1975ರಲ್ಲಿ, ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ. ಎಂ. ಚೆರಿಯನ್ನರ ಕೈಯಿಂದ. ಅಂದು ಪವಾಡವೆನಿಸಿದ್ದು ಇಂದು ನಿತ್ಯದ ಕೆಲಸವಾಗಿದೆ. ಎದೆ ಸೀಳಿಸಿಕೊಂಡವರು ವಾರ ಹತ್ತು ದಿನಗಳಲ್ಲಿ ಮನೆಗೆ ಬರುತ್ತಾರೆ. ಬಂಧುಗಳು ಎಳನೀರು ಹಣ್ಣು ಹಿಡಿದು ಬಂದು ಗಾಯ ಮಾಯಿತೆ, ಊಟ ಸೇರುತ್ತಿದೆಯೆ ಎಂದು ವಿಚಾರಿಸುತ್ತಾರೆ. ರಾತ್ರಿ ಹೇಗೆ ಕಳೆಯಿತೆಂದು ಕೇಳುವವರು ಕಡಿಮೆ. ಕೇಳಿದರೂ ರೋಗಿಯು “ಚೆನ್ನಾಗಿ ನಿದ್ದೆ ಬಂತು” ಎಂದುಬಿಡುತ್ತಾನೆ.

ನಿಜಸ್ಥಿತಿ ಬೇರೆ. ಮೊದಲ ಕೆಲವು ವಾರ ಅನೇಕರಿಗೆ ತುಂಡು ತುಂಡು ನಿದ್ದೆ. ಕಣ್ಣು ಮುಚ್ಚಿದರೆ ಕೆಟ್ಟ ಕನಸು. ಉಸಿರು ಕಟ್ಟಿದಂತೆ, ಕಟ್ಟಿಹಾಕಿದಂತೆ, ಯಾರೋ ಎದೆ ತೆರೆದಂತೆ. ಮೈಯೆಲ್ಲ ಬೆವೆತು ಎದ್ದು ಕುಳಿತರೆ ಮತ್ತೆ ಮಲಗಲು ಅಂಜಿಕೆ. ಎರಡು ಕೋಣೆಗಳ ಮನೆಯಲ್ಲಿ ಪಕ್ಕದಲ್ಲೇ ಪರೀಕ್ಷೆಗೆ ಓದುವ ಮಗಳು, ಬೆಳಗಿನ ಗಾಡಿ ಹಿಡಿಯಬೇಕಾದ ಮಗ. ಅವರನ್ನೇಕೆ ಎಬ್ಬಿಸಲಿ ಎಂದು ಹಿರಿಯರು ಕತ್ತಲೆಯಲ್ಲಿ ಒಬ್ಬರೇ ಕೂಡುತ್ತಾರೆ.

ಇದಕ್ಕೆ ಕಾರಣಗಳುಂಟು. ಸೀಳಿದ ಎದೆಯ ಮೂಳೆ ಕೂಡಿಕೊಳ್ಳಲು ಸುಮಾರು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಹೊರಳಿದರೆ ನೋವು. ಆಸ್ಪತ್ರೆಯಲ್ಲಿ ಹಗಲು ರಾತ್ರಿ ಉರಿಯುವ ದೀಪ, ಯಂತ್ರಗಳ ಸದ್ದು ನಿದ್ರೆಯ ಕ್ರಮವನ್ನು ಕೆಡಿಸಿರುತ್ತವೆ. ನೋವಿನ ಕೆಲವು ಔಷಧಗಳು ಮತ್ತು ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್‌ನಂತಹ ಗುಳಿಗೆಗಳು ಕೆಲವರಲ್ಲಿ ಕಣ್ಣಿಗೆ ಕಟ್ಟುವಂತಹ ಕನಸುಗಳನ್ನು ತರುತ್ತವೆ. ಎಲ್ಲಕ್ಕೂ ಮೇಲೆ, ಸಾವಿನ ಹೊಸ್ತಿಲವರೆಗೆ ಹೋಗಿ ಬಂದೆನೆಂಬ ಭಯ ಹಗಲಿನಲ್ಲಿ ಅಡಗಿದ್ದು ಇರುಳಿನಲ್ಲಿ ಹೊರಬರುತ್ತದೆ.

ಇನ್ನೊಂದು ಸೂಕ್ಷ್ಮದ ಮಾತು. ತೀರಿಹೋದ ತಂದೆಯೋ ಅಜ್ಜಿಯೋ ಕನಸಿನಲ್ಲಿ ಬಂದು ಕರೆದರೆ ತನ್ನ ಕಾಲ ಮುಗಿಯಿತೆಂದು ನಮ್ಮವರು ತಿಳಿಯುತ್ತಾರೆ. ಅಶುಭವನ್ನು ಬಾಯಿಬಿಟ್ಟು ಹೇಳಬಾರದೆಂದು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಾರೆ. ಕೆಲವರು ಇನ್ನೇಕೆಂದು ಗುಳಿಗೆಯನ್ನೂ ಬಿಡುತ್ತಾರೆ. ಯಾರ ನಂಬಿಕೆಯನ್ನೂ ನಾವು ಹಳಿಯುವುದಿಲ್ಲ. ದೇವರ ಮುಂದೆ ದೀಪ ಹಚ್ಚಿರಿ, ದೃಷ್ಟಿ ತೆಗೆಯಿರಿ. ಆದರೆ ಕನಸನ್ನು ಮನೆಯವರಿಗೆ ಹೇಳಿರಿ, ವೈದ್ಯರಿಗೆ ಹೇಳಿರಿ. ಗುಳಿಗೆಯಿಂದಲೇ ಕನಸು ಬರುತ್ತಿದ್ದರೆ ಅವರು ಹೊತ್ತು ಬದಲಿಸಬಲ್ಲರು, ಬೇರೆ ಗುಳಿಗೆ ಕೊಡಬಲ್ಲರು. ಹೃದಯದ ಗುಳಿಗೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಕೇಳದೆ ನಿದ್ರೆಗುಳಿಗೆ ನುಂಗುವುದೂ ಸಲ್ಲದು.

ಈಗ ಮನೆಯಲ್ಲಿ ಮಾಡತಕ್ಕ ಉಪಾಯಗಳು. ಬೆಳಿಗ್ಗೆ ನಿತ್ಯವೂ ಒಂದೇ ಹೊತ್ತಿಗೆ ಏಳಬೇಕು. ಬಾಲ್ಕನಿಯಲ್ಲಾದರೂ ಸರಿ, ಬಿಸಿಲಿನಲ್ಲಿ ಕೂಡಬೇಕು. ವೈದ್ಯರು ಹೇಳಿದಷ್ಟು ನಡೆಯಬೇಕು. ಹಗಲು ನಿದ್ದೆ ಅರ್ಧ ಗಂಟೆಗೆ ಮೀರಬಾರದು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ನಮ್ಮವರಿಗೆ ಇದೇ ಕಠಿಣವಾದ ಪಥ್ಯ! ಮೂತ್ರ ಹೋಗಿಸುವ ಗುಳಿಗೆಯನ್ನು ಬೆಳಗಿನಲ್ಲೇ ತೆಗೆದುಕೊಳ್ಳಬಹುದೆ, ನೋವಿನ ಗುಳಿಗೆಯನ್ನು ಮಲಗುವ ಮುನ್ನ ನುಂಗಬಹುದೆ ಎಂದು ವೈದ್ಯರನ್ನು ಕೇಳಿರಿ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಒರಗಿ ಮಲಗಿದರೆ ಎದೆಗೆ ಹಿತ.

ಕೆಟ್ಟ ಕನಸಿನಿಂದ ಎಚ್ಚರವಾದರೆ ದೀಪ ಹಾಕಿ, ನಿಧಾನವಾಗಿ ಎದ್ದು, ಕಾಲು ನೆಲಕ್ಕೆ ಊರಿ, “ಇದು ನನ್ನ ಮನೆ, ಶಸ್ತ್ರಕ್ರಿಯೆ ಮುಗಿದಿದೆ” ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಉಸಿರನ್ನು ನಿಧಾನವಾಗಿ ಬಿಡಬೇಕು. ಅದೇ ಕನಸು ಮರುಕಳಿಸುತ್ತಿದ್ದರೆ ಹಗಲು ಹೊತ್ತಿನಲ್ಲಿ ಅದನ್ನು ಬರೆದು, ಅದರ ಕೊನೆಯನ್ನು ತಮಗೆ ಬೇಕಾದಂತೆ ಬದಲಿಸಿ, ಹೊಸ ಕಥೆಯನ್ನು ದಿನವೂ ಹತ್ತು ನಿಮಿಷ ನೆನೆಯಬೇಕು. ಕಟ್ಟಿಹಾಕಿದ ಹಗ್ಗ ತಾನೇ ಬಿಚ್ಚಿಕೊಂಡು ಊರ ಕೆರೆಯ ಏರಿಯ ಮೇಲೆ ನಡೆದು ಹೋದಂತೆ ಬರೆಯಿರಿ, ಯಾರು ಬೇಡವೆನ್ನುತ್ತಾರೆ? ಮನೋವೈದ್ಯರೇ ಹೇಳಿಕೊಡುವ ಕ್ರಮವಿದು.

ಆಸ್ಪತ್ರೆಯಲ್ಲಿರುವಾಗಲೇ ಕೆಲವರಿಗೆ, ವಿಶೇಷವಾಗಿ ವೃದ್ಧರಿಗೆ, ಕೆಲವು ದಿನ ಭ್ರಮೆ ಕವಿಯುವುದುಂಟು. ಗೋಡೆಯ ಮೇಲೆ ಇಲ್ಲದ್ದು ಕಾಣುತ್ತದೆ, ಹಗಲು ರಾತ್ರಿಗಳ ಪರಿವೆ ಹೋಗುತ್ತದೆ. ನಲವತ್ತು ವರ್ಷ ಹಿಂದಿಯಲ್ಲೋ ಮರಾಠಿಯಲ್ಲೋ ವ್ಯವಹರಿಸಿದವರೂ ಆಗ ಕನ್ನಡದಲ್ಲೇ ಕೂಗಬಹುದು. ದಾದಿಯರಿಗೆ ಅದು ಅರ್ಥವಾಗದು. ಇದು ಹುಚ್ಚಲ್ಲ, ಬಹುಪಾಲು ಜನರಲ್ಲಿ ಇಳಿದುಹೋಗುತ್ತದೆ. ಕನ್ನಡಕ, ಕಿವಿಯ ಯಂತ್ರ, ಎದುರಿಗೆ ಗಡಿಯಾರ, ಪರಿಚಿತ ದನಿಯಲ್ಲಿ ನಾಲ್ಕು ಮಾತು, ಇವು ಔಷಧದಷ್ಟೇ ಉಪಕಾರಿ. ಮಕ್ಕಳು ದೂರದೇಶದಲ್ಲಿರುವ ಎಷ್ಟೋ ಹಿರಿಯರಿಗೆ ಆ ದನಿ ಯಾರದು? ಸಂಘದ ಸದಸ್ಯರು ಸರದಿಯ ಮೇಲೆ ಹೋಗಿ ಒಂದೊಂದು ಗಂಟೆ ಕುಳಿತರೆ ಸಾಕು. ಇದಕ್ಕೆ ಚಂದಾ ಬೇಡ, ವೇದಿಕೆ ಬೇಡ.

ಕೆಲವು ಲಕ್ಷಣಗಳನ್ನು ಮಾತ್ರ ಕನಸಿನ ಲೆಕ್ಕಕ್ಕೆ ಹಾಕಬಾರದು. ಮಲಗಿದರೆ ಉಸಿರು ಸಿಕ್ಕುವುದು, ಎದೆನೋವು, ಜ್ವರ, ಗಾಯದಿಂದ ಕೀವು, ಎದೆಮೂಳೆ ಕಟಕಟ ಎನ್ನುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ವೈದ್ಯರಿಗೆ ತಿಳಿಸಬೇಕು. ಬದುಕೇ ಬೇಡವೆನಿಸಿದರೆ ಅದೇ ಗಳಿಗೆ ಬಾಯಿಬಿಟ್ಟು ಹೇಳಬೇಕು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಇರುಳಿನಲ್ಲೂ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡವೂ ಅದರ ಭಾಷೆಗಳಲ್ಲೊಂದು.

ರೋಗಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯವರನ್ನು ಎಬ್ಬಿಸಿರಿ. ಎದ್ದವರಿಗೆ ಒಂದು ರಾತ್ರಿಯ ನಿದ್ದೆ ಹೋದೀತು. ನಿಮಗೆ ಧೈರ್ಯ ಬಂದೀತು. ಮನೆಯವರಲ್ಲಿ ಬಿನ್ನಹ: ಬೆಳಿಗ್ಗೆ ಗಾಯದ ಸಂಗಡ ಕನಸನ್ನೂ ವಿಚಾರಿಸಿರಿ.